ಎರಡು ಪುಟ್ಟ ಮಕ್ಕಳನ್ನು ಇಟ್ಟುಕೊಂಡು ಬಾಡಿಗೆ ಮನೆ ಬದಲಾಯಿಸುವುದು ಹೇಗೆ?

ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರಿಗೆ ಮನೆ ಬದಲಾಯಿಸುವುದು ಹೊಸದೇನಲ್ಲ. 11 ತಿಂಗಳ ಅಗ್ರಿಮೆಂಟು, ಅದು ಮುಗಿದ ಕೂಡಲೇ ಬಾಡಿಗೆ ಏರಿಕೆ, ಇಲ್ಲದಿದ್ದರೆ ಓನರ್ ಮಗ ವಿದೇಶದಿಂದ ವಾಪಸ್ ಬರುತ್ತಾನೆ ಅನ್ನುವ ಫೋನು. ಮಕ್ಕಳಾಗುವ ಮುಂಚೆ ಇದೆಲ್ಲ ಒಂದು ಭಾನುವಾರದ ಕೆಲಸ. ಆದರೆ ಮನೆಯಲ್ಲಿ ಓಡಾಡುವ ಎರಡೂವರೆ ವರ್ಷದ್ದೊಂದು, ಈಗಷ್ಟೇ ಅಂಬೆಗಾಲಿಡುತ್ತಿರುವ ಕೂಸೊಂದು ಇದ್ದರೆ ಕಥೆಯೇ ಬೇರೆ. ನಮ್ಮ ಮನೆಯಲ್ಲಿ ಇಬ್ಬರೂ ಅದೇ ವಯಸ್ಸಿನಲ್ಲಿದ್ದಾಗ ಮನೆ ಬದಲಾಯಿಸಿದ್ದೇವೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಬಹುತೇಕ ಮಾಡಿ ನೋಡಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಮಾನು ಸಾಗಿಸುವ ಪ್ಲಾನ್ ಮಾಡಿ ಅದರೊಳಗೆ ಮಕ್ಕಳನ್ನು ತುರುಕಬೇಡಿ. ಆ ದಿನ ಮಕ್ಕಳ ಊಟ ಎಲ್ಲಿ, ನಿದ್ದೆ ಎಲ್ಲಿ, ಯಾರ ಹತ್ತಿರ ಅಂತ ಮೊದಲು ತೀರ್ಮಾನ ಮಾಡಿ. ಸಾಮಾನು ಅದಕ್ಕೆ ಹೊಂದಿಕೊಳ್ಳಲಿ. ಬೀರು ಎತ್ತೋಕೆ ದುಡ್ಡು ಕೊಟ್ಟರೆ ಜನ ಸಿಗುತ್ತಾರೆ, ನಿದ್ದೆಗೆಟ್ಟು ಅಳುವ ಮಗುವನ್ನು ಎತ್ತೋಕೆ ಸಿಗುವುದಿಲ್ಲ.

ಮನೆ ನೋಡುವಾಗಲೇ ಶುರು ಮಾಡಿ

ಮನೆ ನೋಡೋಕೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೋಗಿ. ಮಕ್ಕಳು ಮಲಗುವ ಹೊತ್ತು ಅದು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರೆ ಟೈಲ್ಸ್ ಕೊಯ್ಯುವ ಮೆಷಿನ್ ಸದ್ದು ಆಗಲೇ ಗೊತ್ತಾಗೋದು. ಬ್ರೋಕರ್ ಭಾನುವಾರ ಬೆಳಿಗ್ಗೆ ತೋರಿಸುವ ಮನೆಗಳೆಲ್ಲ ಬಹಳ ಶಾಂತವಾಗಿಯೇ ಇರುತ್ತವೆ!

ನೀರಿನ ವಿಷಯ ಓನರನ್ನು ಕೇಳಬೇಡಿ, ಕೆಳಗಿನ ಮನೆಯವರನ್ನು ಕೇಳಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬಿಡುತ್ತಾರೆ, ಬೋರ್ ಇದೆಯಾ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರ ಲೆಕ್ಕ. ಕೂಸಿಗೆ ಬಟ್ಟೆಯ ಲಂಗೋಟಿ ಹಾಕುವವರಾದರೆ ಇದನ್ನು ಕೇಳದೆ ಅಡ್ವಾನ್ಸ್ ಕೊಡಲೇಬೇಡಿ.

ಆಮೇಲೆ ಬಾಲ್ಕನಿಗೆ ಹೋಗಿ. ಕಂಬಿಗಳ ನಡುವಿನ ಜಾಗ 4 ಇಂಚಿಗಿಂತ ಜಾಸ್ತಿ ಇದ್ದರೆ ಚಿಕ್ಕ ಮಕ್ಕಳು ಅದರೊಳಗೆ ನುಸುಳಬಹುದು ಅಥವಾ ತಲೆ ಸಿಕ್ಕಿಹಾಕಿಕೊಳ್ಳಬಹುದು. ಅಡ್ಡ ಕಂಬಿಗಳಿದ್ದರೆ ಇನ್ನೂ ಕಷ್ಟ, ಹತ್ತೋಕೆ ಏಣಿ ಇಟ್ಟುಕೊಟ್ಟ ಹಾಗೆ. ಬಲೆ ಹಾಕಿಸಲು ಓನರ್ ಒಪ್ಪುತ್ತಾರಾ ಅಂತ ಆಗಲೇ ಕೇಳಿ. ಸ್ವತಂತ್ರ ಮನೆಯಾದರೆ ಸಂಪಿನ ಮುಚ್ಚಳವನ್ನು ಕಾಲಲ್ಲಿ ಒತ್ತಿ ನೋಡಿ. ಅಲುಗಾಡುವ ಮುಚ್ಚಳ, ಬೀಗ ಇಲ್ಲದ ಮುಚ್ಚಳ ಇದ್ದರೆ ಸರಿ ಮಾಡಿಸಿದ ಮೇಲೆಯೇ ಸಾಮಾನು ತರುವುದು ಅಂತ ಹೇಳಿ.

ಬಚ್ಚಲುಮನೆಯಲ್ಲಿ ಎರಡು ವಿಷಯ. ಒಂದು, ಗ್ಯಾಸ್ ಗೀಸರ್ ಒಳಗಡೆಯೇ ಇದ್ದು ಗಾಳಿಗೆ ದಾರಿ ಇಲ್ಲದಿದ್ದರೆ ಅಂಥ ಮನೆ ಬೇಡ, ಇಲ್ಲವೇ ಗೀಸರನ್ನು ಹೊರಗೆ ಹಾಕಿಸಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಭ್ಯಂಜನ ಅಂತ ಬಾಗಿಲು ಹಾಕಿಕೊಂಡು ಕೂಸಿಗೆ ನಿಧಾನವಾಗಿ ನೀರು ಹಾಕುವ ಮನೆಗಳಲ್ಲಿ ಇದು ನಿಜವಾದ ಅಪಾಯ. ಎರಡನೆಯದು ಚಿಲಕ. ಬಾಗಿಲ ಒಳಗಡೆ ಕೆಳಮಟ್ಟದಲ್ಲಿ ಚಿಲಕ ಇದ್ದರೆ, ಎರಡು ವರ್ಷದ ಮಗು ಹೊಸ ಮನೆಗೆ ಬಂದ ಮೊದಲ ಗಂಟೆಯಲ್ಲೇ ಅದನ್ನು ಕಂಡುಹಿಡಿಯುತ್ತದೆ. ಹಾಕೋಕೆ ಬರುತ್ತೆ, ತೆಗೆಯೋಕೆ ಬರಲ್ಲ. ಕೆಳಗಿನ ಚಿಲಕ ಬಿಚ್ಚಿಸಿಬಿಡಿ. ಬಿಚ್ಚಲು ಆಗದಿದ್ದರೆ ಚಿಲಕದ ಹಿಡಿಯನ್ನು ದಪ್ಪ ಟೇಪಿನಿಂದ ಪಟ್ಟಿಗೆ ಸುತ್ತಿಬಿಟ್ಟರೂ ನಡೆಯುತ್ತದೆ.

ಕೂಸು ಇನ್ನೂ ಸೀರೆಯ ಜೋಲಿಯಲ್ಲಿ ಮಲಗುವುದಾದರೆ ತಲೆ ಎತ್ತಿ ನೋಡಿ. ಹಳೇ ಮನೆಗಳಲ್ಲಿ ಚಾವಣಿಗೆ ಕಬ್ಬಿಣದ ಕೊಂಡಿ ಇರುತ್ತಿತ್ತು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಫ್ಯಾನಿಗೆ ಬಿಟ್ಟರೆ ಬೇರೆ ಕೊಂಡಿಯೇ ಇರಲ್ಲ, ಇದ್ದರೂ ಫಾಲ್ಸ್ ಸೀಲಿಂಗ್ ಅದನ್ನು ಮುಚ್ಚಿರುತ್ತದೆ. ಡ್ರಿಲ್ ಮಾಡಲು ಓನರ್ ಬಿಡದಿದ್ದರೆ ತೊಟ್ಟಿಲ ಸ್ಟ್ಯಾಂಡ್ ಬೇಕಾಗುತ್ತದೆ. ಅದನ್ನು ಹಳೇ ಮನೆಯಲ್ಲಿ ಇರುವಾಗಲೇ ತಂದು ಅದರಲ್ಲೇ ಮಲಗಿಸಿ ಅಭ್ಯಾಸ ಮಾಡಿಸಿ. ಕೂಸು ಆಗಲೇ ಎದ್ದು ಕೂರುತ್ತಿದ್ದರೆ, ಮಗುಚುತ್ತಿದ್ದರೆ ಜೋಲಿಯ ಕಾಲ ಮುಗಿಯಿತು ಅಂತಲೇ ತಿಳಿಯಿರಿ. ನೆಲದ ಮೇಲೆ ಗಟ್ಟಿ ಹಾಸಿಗೆಯೇ ವಾಸಿ, ದಿಂಬು ಬೇಡ.

ದಿನ ಗೊತ್ತು ಮಾಡುವುದು

ಆಷಾಢ, ಧನುರ್ಮಾಸದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಶ್ರಾವಣ ಬಂದ ಕೂಡಲೇ ಟೆಂಪೋ ಸಿಗಲ್ಲ, ರೇಟೂ ಏರುತ್ತದೆ. ಶಾಲೆ ಶುರುವಾಗುವ ಮುಂಚಿನ ಮೇ ತಿಂಗಳೂ ಹಾಗೆಯೇ. ನಿಮ್ಮ ಮನೆಯಲ್ಲಿ ಆಷಾಢದ ನಂಬಿಕೆ ಇಲ್ಲದಿದ್ದರೆ ಖಾಲಿ ಮನೆಗಳೂ ಸಿಗುತ್ತವೆ, ಪ್ಯಾಕರ್ಸ್‌ನವರೂ ಬಿಡುವಾಗಿರುತ್ತಾರೆ. ಆದರೆ ಮಳೆ ನೋಡಿಕೊಳ್ಳಿ, ಹಾಸಿಗೆ ನೆನೆದರೆ ಆ ರಾತ್ರಿ ಮಕ್ಕಳು ಎಲ್ಲಿ ಮಲಗಬೇಕು? ತಿಂಗಳ ಕೊನೆ, ಒಂದನೇ ತಾರೀಖು, ಶನಿವಾರ, ಭಾನುವಾರ ಬಿಟ್ಟು ತಿಂಗಳ ನಡುವಿನ ಒಂದು ಬುಧವಾರವೋ ಗುರುವಾರವೋ ಹಿಡಿದರೆ ಕೆಲಸ ಹಗುರ.

ಪಂಚಾಂಗದ ಜೊತೆಗೆ ಲಸಿಕೆಯ ದಿನಾಂಕ ಬರೆದಿರುವ ತಾಯಿ ಕಾರ್ಡನ್ನೂ ತೆಗೆದು ನೋಡಿ. 6, 10 ಮತ್ತು 14ನೇ ವಾರದ ಚುಚ್ಚುಮದ್ದು ಆದಮೇಲೆ ಒಂದೆರಡು ದಿನ ಜ್ವರ, ಕಿರಿಕಿರಿ ಇರುವುದು ಮಾಮೂಲು. ದೊಡ್ಡ ಮಗುವಿಗೂ 16ರಿಂದ 24 ತಿಂಗಳ ನಡುವೆ ಡಿಪಿಟಿ ಬೂಸ್ಟರ್ ಇರುತ್ತದೆ, ತೊಡೆ ನೋವು ಅಂತ ನಡೆಯೋಕೇ ಹಟ ಮಾಡಬಹುದು. ಇಬ್ಬರ ದಿನಾಂಕವನ್ನೂ ನೋಡಿ, ಲಸಿಕೆಗೂ ಸಾಮಾನು ಸಾಗಿಸುವ ದಿನಕ್ಕೂ ನಡುವೆ ಮೂರ್ನಾಲ್ಕು ದಿನ ಬಿಡಿ. ಮನೆ ಬದಲಾವಣೆ ಅಂತ ಲಸಿಕೆಯನ್ನೇ ಮುಂದೂಡುವುದು ಬೇಡ, ಮುಂದೂಡುವುದಾದರೆ ಟೆಂಪೋವನ್ನು.

ಆಗುವುದಾದರೆ ಒಂದು ವಾರ ಎರಡೂ ಮನೆಗೆ ಬಾಡಿಗೆ ಕೊಡಿ. ದುಡ್ಡು ಸುಮ್ನೆ ಹೋಯಿತು ಅಂತ ಅನ್ನಿಸುತ್ತದೆ, ಗೊತ್ತು. ಆದರೆ ಹೊಸ ಮನೆಗೆ ಪೇಂಟ್ ಆಗಿ ಕಿಟಕಿ ತೆಗೆದಿಟ್ಟು ವಾಸನೆ ಹೋಗುವುದು, ಜಿರಳೆ ಔಷಧಿ ಹೊಡೆಸಿ ಮನೆ ಒರೆಸುವುದು, ಬಾಲ್ಕನಿ ಬಲೆ, ಸೊಳ್ಳೆ ಪರದೆ, ಚಿಲಕ, ಇದೆಲ್ಲ ಮಕ್ಕಳು ಒಳಗೆ ಬರುವ ಮುಂಚೆ ಆಗಬೇಕಾದ ಕೆಲಸ. ಮಕ್ಕಳು ಬಂದಮೇಲೆ ಆಗಲ್ಲ.

ಇನ್ನೊಂದು: ಅದೇ ತಿಂಗಳಲ್ಲಿ ಬೇರೆ ಯಾವ ಬದಲಾವಣೆಯನ್ನೂ ಶುರು ಮಾಡಬೇಡಿ. ಎದೆಹಾಲು ಬಿಡಿಸುವುದು, ಚಡ್ಡಿ ಒದ್ದೆ ಮಾಡದಿರಲು ಕಲಿಸುವುದು, ಬೇರೆ ರೂಮಿನಲ್ಲಿ ಮಲಗಿಸುವುದು, ಪ್ಲೇಸ್ಕೂಲಿಗೆ ಸೇರಿಸುವುದು, ಇವೆಲ್ಲ ಒಂದೋ ಎರಡು ತಿಂಗಳು ಮೊದಲು ಆಗಿರಲಿ, ಇಲ್ಲವೇ ಒಂದೂವರೆ ತಿಂಗಳು ತಡವಾಗಿ ಆಗಲಿ.

ಹಾಲುಕ್ಕಿಸುವ ದಿನ ಬೇರೆ, ಸಾಮಾನಿನ ದಿನ ಬೇರೆ

ಈ ಒಂದು ಉಪಾಯದಿಂದ ಅರ್ಧ ಜಗಳ ತಪ್ಪುತ್ತದೆ. ಒಳ್ಳೇ ದಿನ, ರಾಹುಕಾಲ ಬಿಟ್ಟು, ಬೆಳಿಗ್ಗೆ ಇಷ್ಟರೊಳಗೆ ಅಂತ ಹಿರಿಯರು ಹೇಳುತ್ತಾರೆ. ಟೆಂಪೋದವನು ಅವನಿಗೆ ಆದಾಗ ಬರುತ್ತಾನೆ. ಕೂಸು ತನಗೆ ಬೇಕಾದಾಗ ಮಲಗುತ್ತದೆ. ಈ ಮೂರನ್ನೂ ಒಂದೇ ದಿನದಲ್ಲಿ ಹೊಂದಿಸೋಕೆ ಹೋಗಬೇಡಿ.

ಮುಹೂರ್ತದ ದಿನ ದೇವರ ಫೋಟೋ, ದೀಪ, ಅರಿಶಿನ ಕುಂಕುಮ, ಒಂದು ಇಂಡಕ್ಷನ್ ಒಲೆ ಅಥವಾ ಪುಟ್ಟ ಗ್ಯಾಸ್ ಸ್ಟವ್, ಹಾಲು, ಸಕ್ಕರೆ, ಪಾತ್ರೆ, ಒಂದು ಚಾಪೆ ತೆಗೆದುಕೊಂಡು ಹೋಗಿ. ಹಾಲುಕ್ಕಿಸಿ, ದೀಪ ಹಚ್ಚಿ, ತಿಂಡಿ ತಿಂದು, ಒಂದೆರಡು ಗಂಟೆ ಇದ್ದು ವಾಪಸ್ ಬನ್ನಿ. ನಮ್ಮ ಅತ್ತೆಗೆ ಶಾಸ್ತ್ರ ಆಯಿತು ಅನ್ನುವ ನೆಮ್ಮದಿ, ನಮಗೆ ಸಾಮಾನು ಯಾವ ದಿನ ಬೇಕಾದರೂ ತರಬಹುದು ಅನ್ನುವ ಬಿಡುವು. ದೊಡ್ಡ ಮಗುವಿಗಂತೂ ಇದರಿಂದ ಬಹಳ ಲಾಭ. ಖಾಲಿ ನಡುಮನೆಯಲ್ಲಿ ಓಡಿ, ಕೂಗಿ, ತನ್ನ ದನಿ ತಿರುಗಿ ಬರುವುದನ್ನು ಕೇಳಿ, ಅಜ್ಜಿ ಕೊಟ್ಟ ಸಿಹಿ ಹಾಲು ಕುಡಿದು ಬಂದ ಮನೆ ಅದು. ಆಮೇಲೆ ಸಾಮಾನಿನ ಜೊತೆ ಅಲ್ಲಿಗೆ ಹೋದಾಗ ಗೊತ್ತಿಲ್ಲದ ಜಾಗ ಅನ್ನಿಸುವುದಿಲ್ಲ.

ದೊಡ್ಡ ಮಗುವಿಗೆ ಹೇಳುವುದು

ಕೂಸಿನ ಬಗ್ಗೆ ಜಾಸ್ತಿ ಚಿಂತೆ ಬೇಡ. ಅಮ್ಮ, ಹಾಲು, ಅದೇ ಹೊದಿಕೆ, ಅದೇ ಲಾಲಿ ಇದ್ದರೆ ಅದಕ್ಕೆ ಯಾವ ಮನೆಯೂ ಸರಿ. ನಿಜವಾಗಿ ಕಷ್ಟ ಆಗುವುದು ಎರಡು, ಮೂರು ವರ್ಷದ ಮಗುವಿಗೆ. ತಮ್ಮನೋ ತಂಗಿಯೋ ಬಂದು ಅಮ್ಮನ ಮಡಿಲು ಆಗಲೇ ಅರ್ಧ ಹೋಗಿದೆ. ಈಗ ಮನೆಯೂ ಹೋಗುತ್ತಿದೆ.

ತಿಂಗಳ ಮುಂಚೆ ಹೇಳಿದರೆ ಅದಕ್ಕೆ ಅರ್ಥ ಆಗಲ್ಲ, ದಿನಾ "ಇವತ್ತು ಹೋಗೋದಾ?" ಅಂತ ಕೇಳುತ್ತದೆ ಅಷ್ಟೇ. ಪ್ಯಾಕಿಂಗ್ ಶುರುವಾಗುವ ನಾಲ್ಕೈದು ದಿನ ಮುಂಚೆ ಸಾಕು. ಸರಳವಾಗಿ ಹೇಳಿ: "ನಾವೆಲ್ಲ ಹೊಸ ಮನೆಗೆ ಹೋಗ್ತೀವಿ. ಅಪ್ಪ, ಅಮ್ಮ, ಪಾಪು, ನೀನು. ನಿನ್ನ ಕುರ್ಚಿ ಬರುತ್ತೆ, ಸೈಕಲ್ ಬರುತ್ತೆ, ಫ್ರಿಜ್ಜೂ ಬರುತ್ತೆ." ಪಟ್ಟಿ ಉದ್ದ ಆದಷ್ಟೂ ಖುಷಿ. ನಮ್ಮವಳು ಬಾಗಿಲಿಂದ ಶುರು ಮಾಡಿ "ಇದು ಬರುತ್ತಾ? ಇದು ಬರುತ್ತಾ?" ಅಂತ ಪೊರಕೆವರೆಗೂ ಕೇಳುತ್ತಾ ಹೋದಳು. ಬಾಗಿಲು ಬರಲ್ಲ ಅಂದಾಗ ಸ್ವಲ್ಪ ಯೋಚನೆ ಮಾಡಿ, "ಪಾಪ" ಅಂದಳು.

ಈ ವಯಸ್ಸಿನವರಿಗೆ ಡಬ್ಬದೊಳಗೆ ಹೋದದ್ದು ಮತ್ತೆ ಬರುತ್ತದೆ ಅನ್ನುವ ನಂಬಿಕೆ ಕಡಿಮೆ. ಅದಕ್ಕೆ ಒಂದು ಕಾರ್ಟನ್ ಬಾಕ್ಸ್ ಅದಕ್ಕೇ ಕೊಡಿ. ಸ್ಟಿಕ್ಕರ್ ಅಂಟಿಸಲಿ, ಗೀಚಲಿ, ಆಟದ ಸಾಮಾನು ತುಂಬಿ, ಮತ್ತೆ ಸುರಿದು, ಮತ್ತೆ ತುಂಬಲಿ. ಆ ಬಾಕ್ಸ್ ಟೆಂಪೋಗೆ ಕೊನೆಯಲ್ಲಿ ಹತ್ತಬೇಕು, ಮೊದಲು ಇಳಿಯಬೇಕು. ಮುರಿದ ಆಟಿಕೆ, ಹರಿದ ಪುಸ್ತಕ ಬಿಸಾಡುವ ಕೆಲಸವನ್ನು ಈ ವಾರ ಅದರ ಕಣ್ಣೆದುರು ಮಾಡಬೇಡಿ. ಹೊಸ ಮನೆಯಲ್ಲಿ ಎರಡು ತಿಂಗಳಾದ ಮೇಲೆ ಮೆಲ್ಲಗೆ ಮಾಯ ಮಾಡಿದರಾಯಿತು.

ಪ್ಯಾಕಿಂಗ್

ನೀವೇ ಪ್ಯಾಕ್ ಮಾಡಿ ಬರೀ ಟೆಂಪೋ ಹಿಡಿದರೆ ದುಡ್ಡು ಉಳಿಯುತ್ತದೆ, ನಿಜ. ಎರಡು ಚಿಕ್ಕ ಮಕ್ಕಳಿದ್ದರೆ ನನ್ನ ಸಲಹೆ ಪ್ಯಾಕರ್ಸ್‌ಗೆ ಕೊಡಿ ಅಂತಲೇ. ನೀವು ಒಂದು ಡಬ್ಬ ತುಂಬುವಷ್ಟರಲ್ಲಿ ಇನ್ನೊಂದನ್ನು ಯಾರೋ ಖಾಲಿ ಮಾಡಿರುತ್ತಾರೆ. ಒಪ್ಪಿಕೊಳ್ಳುವ ಮುಂಚೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ಒಟ್ಟು ಎಷ್ಟು, ಲಿಫ್ಟ್ ಇಲ್ಲದಿದ್ದರೆ ಮಹಡಿಗೆ ಎಷ್ಟು, ಮಂಚ ಬಿಚ್ಚಿ ಮತ್ತೆ ಜೋಡಿಸುವುದು ಸೇರಿದೆಯಾ, ಟಿವಿ ಗೋಡೆಗೆ ಹಾಕುತ್ತಾರಾ. ಬಾಯಿಮಾತಿನಲ್ಲಿ ಬಿಟ್ಟರೆ ಅರ್ಧ ಸಾಮಾನು ಇಳಿಸಿದ ಮೇಲೆ "ಮೇಡಂ, ಎಕ್ಸ್‌ಟ್ರಾ ಆಗುತ್ತೆ" ಅನ್ನುವುದು ಈ ಊರಿನಲ್ಲಿ ಹೊಸದಲ್ಲ. ಅಪಾರ್ಟ್‌ಮೆಂಟಾದರೆ ಎರಡೂ ಕಡೆಯ ಅಸೋಸಿಯೇಷನ್ನಿಗೆ ಮೊದಲೇ ತಿಳಿಸಿ. ಲಿಫ್ಟ್ ಯಾವ ಹೊತ್ತಿಗೆ ಬಳಸಬಹುದು, ಭಾನುವಾರ ಬಿಡುತ್ತಾರಾ, ಶುಲ್ಕ ಎಷ್ಟು ಅಂತ ಕೇಳಿ.

ಶೋಕೇಸ್, ಪುಸ್ತಕ, ಹಬ್ಬದ ಪಾತ್ರೆ, ಮೇಲಿನ ಅಟ್ಟದ ಸಾಮಾನು ಎರಡು ವಾರ ಮುಂಚಿನಿಂದ ದಿನಕ್ಕೊಂದು ಡಬ್ಬದಂತೆ ಹೋಗಲಿ. ಮಕ್ಕಳು ಮಲಗುವ ರೂಮಿಗೆ ಮಾತ್ರ ಕೊನೆಯವರೆಗೆ ಕೈ ಹಾಕಬೇಡಿ. ಮನೆಯೆಲ್ಲ ಡಬ್ಬ ತುಂಬಿದ್ದರೂ ಆ ಒಂದು ರೂಮು ಹಾಗೆಯೇ ಇರಲಿ. ಅವರ ಹಾಸಿಗೆಯ ಚಾದರ, ಹೊದಿಕೆಯನ್ನು ಆ ವಾರ ಒಗೆಯಬೇಡಿ. ಹೊಸ ಮನೆಯ ಪೇಂಟ್ ವಾಸನೆಯ ನಡುವೆ ಅದೇ ಹಳೇ ವಾಸನೆಯ ಹೊದಿಕೆ ಕೊಟ್ಟರೆ ಬೇಗ ಮಲಗುತ್ತಾರೆ.

ಈ ಹೊತ್ತಿನಲ್ಲಿ ನೆಲದ ಮೇಲೆ ಏನೇನು ಬೀಳುತ್ತದೆ ಅಂತ ಒಂದು ಸಲ ನೋಡಿ. ಕಟ್ಟರ್ ಬ್ಲೇಡು, ಮೊಳೆ, ಸ್ಕ್ರೂ, ಥರ್ಮಾಕೋಲಿನ ಚೂರು, ಪ್ಲಾಸ್ಟಿಕ್ ಕವರ್. ಬೀರುವಿನ ಮೂಲೆಯಿಂದ ನುಸಿ ಗುಳಿಗೆ ಉರುಳಿ ಬರುತ್ತದೆ, ನೋಡಲು ಬಿಳಿ ಪೆಪ್ಪರ್‌ಮಿಂಟೇ. ಅದು ವಿಷ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ನುಸಿ ಗುಳಿಗೆ ಹಾಕಿಟ್ಟ ಬಟ್ಟೆ, ಕಂಬಳಿ ಬಳಸಿದರೂ ರಕ್ತಕಣ ಒಡೆದು ಕಾಮಾಲೆ ಆಗಬಹುದು. ಹಾಗಾಗಿ ಅಟ್ಟದಿಂದ ತೆಗೆದ ಕಂಬಳಿಯನ್ನು ನೇರವಾಗಿ ಕೂಸಿಗೆ ಹೊದಿಸಬೇಡಿ. ಕೆಲವು ರಿಮೋಟು, ಸದ್ದು ಮಾಡುವ ಆಟಿಕೆಗಳಲ್ಲಿರುವ, ನಾಣ್ಯದಂಥ ಚಪ್ಪಟೆ ಬಟನ್ ಸೆಲ್ ಇನ್ನೂ ಕೆಟ್ಟದ್ದು. ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ. ಇವನ್ನು ಡಬ್ಬಕ್ಕೆ ಹಾಕುವ ಮುಂಚೆ ಸೆಲ್ ತೆಗೆದು ಜೇಬಿಗೆ ಹಾಕುವುದು ದೊಡ್ಡವರ ಕೆಲಸ, ಪ್ಯಾಕರ್ಸ್ ಹುಡುಗರದ್ದಲ್ಲ.

ಗೋಡೆ ಮೇಲೆ ಮಗು ಗೀಚಿದ ಕ್ರೇಯಾನ್ ಉಜ್ಜುತ್ತಾ ಕೂರಬೇಡಿ. ಪೇಂಟಿಂಗ್ ಅಂತ ಓನರ್ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹೇಗೂ ಹಿಡ್ಕೋತಾರೆ.

ಟೆಂಪೋ ಹತ್ತಬಾರದ ಬ್ಯಾಗು

ನಿಮ್ಮ ಹೆಗಲ ಮೇಲೆ ಅಥವಾ ನೀವು ಹೋಗುವ ಕಾರಿನಲ್ಲಿ ಮಾತ್ರ ಇರಬೇಕಾದ ಬ್ಯಾಗು ಇದು. ಎರಡು ರಾತ್ರಿಗೆ ಆಗುವಷ್ಟು ಇರಲಿ, ಏಕೆಂದರೆ ಟೆಂಪೋ ತಡವಾಗುತ್ತದೆ.

- ಡೈಪರ್ ಅಥವಾ ಲಂಗೋಟಿ, ಒರೆಸುವ ಬಟ್ಟೆ, ಇಬ್ಬರಿಗೂ ಮೂರು ಮೂರು ಜೊತೆ ಬಟ್ಟೆ, ರಬ್ಬರ್ ಶೀಟು
- ಅದೇ ಒಗೆಯದ ಹೊದಿಕೆ, ದೊಡ್ಡ ಮಗು ಹಿಡಿದುಕೊಂಡು ಮಲಗುವ ಬೊಂಬೆ
- ರಾಗಿ ಸರಿ ಪುಡಿ, ಅವಲಕ್ಕಿ, ಬಾಳೆಹಣ್ಣು, ಬಿಸ್ಕತ್ತು, ಎಲೆಕ್ಟ್ರಿಕ್ ಕೆಟಲ್, ಫ್ಲಾಸ್ಕು, ಒಂದು ಪಾತ್ರೆ, ಎರಡು ಚಮಚ, ಕುಡಿಯುವ ನೀರು
- ತಾಯಿ ಕಾರ್ಡು, ಡಾಕ್ಟರ್ ಬರೆದುಕೊಟ್ಟ ಜ್ವರದ ಡ್ರಾಪ್ಸ್, ಥರ್ಮಾಮೀಟರ್, ಓಆರ್‌ಎಸ್ ಪ್ಯಾಕೆಟ್
- ಅಗ್ರಿಮೆಂಟು, ಚಿನ್ನ, ನಗದು, ಎರಡೂ ಮನೆಯ ಕೀ
- ಸೊಳ್ಳೆ ಪರದೆ, ಟಾರ್ಚು, ಎಕ್ಸ್‌ಟೆನ್ಷನ್ ಬೋರ್ಡು, ಚಾರ್ಜರು, ಕತ್ತರಿ

ಎದೆಹಾಲು ತೆಗೆದಿಟ್ಟು ಕೊಡುವವರಾದರೆ ಆಗತಾನೇ ತೆಗೆದ ಹಾಲು ಹೊರಗಡೆ, 25 ಡಿಗ್ರಿಯೊಳಗೆ, 4 ಗಂಟೆ ಇರುತ್ತದೆ. ಬಿಸಿಲಿದ್ದರೆ ಅಷ್ಟೂ ನೆಚ್ಚಬೇಡಿ. ಪುಡಿ ಹಾಲು ಕಲಸಿದ ಮೇಲೆ 2 ಗಂಟೆಯೊಳಗೆ ಮುಗಿಸಬೇಕು, ಅದಕ್ಕೆ ಬಿಸಿನೀರು ಬೇರೆ, ಪುಡಿ ಬೇರೆ ಇಟ್ಟುಕೊಂಡು ಆಗಾಗ ಕಲಸಿ. ಫ್ರಿಜ್ಜನ್ನು ಇಳಿಸಿದ ಕೂಡಲೇ ಆನ್ ಮಾಡುವ ಹಾಗಿಲ್ಲ, ಕೆಲವು ಗಂಟೆ ನಿಲ್ಲಿಸಿಡಬೇಕು. ಆ ಸಂಜೆಗೆ ಫ್ರಿಜ್ ಇಲ್ಲ ಅಂತಲೇ ಲೆಕ್ಕ ಹಾಕಿ.

ಆ ದಿನ

ಮಗುವಿಗೊಬ್ಬರು ದೊಡ್ಡವರು ಇರಬೇಕು. ಅವರು ಒಂದು ಡಬ್ಬವನ್ನೂ ಎತ್ತಬಾರದು, ಒಂದು ಫೋನಿಗೂ ಓಡಬಾರದು. ಮೂರನೆಯವರು ಟೆಂಪೋ ಜೊತೆ. ಅಜ್ಜಿ ಬಂದಿದ್ದರೆ ಅವರ ಕೈಗೆ ಕೂಸನ್ನು ಕೊಡಿ, ಓಡುವುದನ್ನು ಕೊಡಬೇಡಿ, ಅವರ ಮಂಡಿ ಕೇಳಲ್ಲ. ಓಡುವುದಕ್ಕೆ ಚಿಕ್ಕಪ್ಪನೋ ಮಾವನೋ ಸರಿ.

ಗಂಡ ಹೆಂಡತಿ ಇಬ್ಬರೇ ಇದ್ದರೆ? ಮನೆಕೆಲಸದ ಅಕ್ಕನಿಗೆ ಆ ದಿನದ ಪೂರ್ತಿ ಕೂಲಿ ಕೊಟ್ಟು "ಅಕ್ಕಾ, ಇವತ್ತು ಪಾತ್ರೆ ಬೇಡ, ದೊಡ್ಡವಳ ಜೊತೆ ಇದ್ದುಬಿಡಿ" ಅಂತ ಕೇಳಿ. ಮಗುವಿಗೆ ಗೊತ್ತಿರುವ ಮುಖ ಅದು, ಹೊಸ ಆಯಾಗಿಂತ ಎಷ್ಟೋ ವಾಸಿ. ಅದೂ ಆಗದಿದ್ದರೆ ಅಮ್ಮ ಇಬ್ಬರನ್ನೂ ಕರೆದುಕೊಂಡು ಬೆಳಿಗ್ಗೆಯೇ ನೆಂಟರ ಮನೆಗೋ ಪಕ್ಕದ ಮನೆ ಆಂಟಿ ಹತ್ತಿರವೋ ಹೋಗಿಬಿಡಲಿ, ಅಪ್ಪ ಸಾಮಾನು ನೋಡಿಕೊಳ್ಳಲಿ. ಪಾತ್ರೆ ಎಲ್ಲಿಡಬೇಕು ಅಂತ ಅಪ್ಪನಿಗೆ ಗೊತ್ತಿಲ್ಲದೆ ಅಡುಗೆಮನೆ ಅಸ್ತವ್ಯಸ್ತ ಆಗಬಹುದು. ಆಗಲಿ ಬಿಡಿ, ನಾಳೆ ಸರಿ ಮಾಡಿಕೊಳ್ಳಬಹುದು.

ಪ್ಯಾಕರ್ಸ್‌ನವರನ್ನು ಬೆಳಿಗ್ಗೆ ಏಳಕ್ಕೇ ಕರೆಯಿರಿ. ಹತ್ತಕ್ಕೆ ಅಂದರೆ ಅವರು ಹನ್ನೆರಡಕ್ಕೆ ಬರುತ್ತಾರೆ, ಸಾಮಾನು ಇಳಿಸುವ ಹೊತ್ತಿಗೆ ಸಂಜೆಯ ಟ್ರಾಫಿಕ್ಕು, ಮಕ್ಕಳ ಹಸಿವು, ಸೊಳ್ಳೆ ಮೂರೂ ಸೇರಿರುತ್ತವೆ. ಅವರು ಬರುವ ಮುಂಚೆ ಮಕ್ಕಳಿಗೆ ಹೊಟ್ಟೆ ತುಂಬಿಸಿ. ಕೂಸು ಟೆಂಪೋ ಕ್ಯಾಬಿನ್ನಿನಲ್ಲಿ ಮಡಿಲ ಮೇಲೆ ಬರುವುದು ಬೇಡ, ಕಾರು ಅಥವಾ ಕ್ಯಾಬಿನಲ್ಲಿ ಹಿಂದಿನ ಸೀಟಿನಲ್ಲಿ ಬರಲಿ. ಸ್ಕೂಟರಿನಲ್ಲಿ ಒಂದು ರೌಂಡು ಅಂತ ಕರೆದುಕೊಂಡು ಹೋಗುವವರಿಗೆ: 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಸೇಫ್ಟಿ ಬೆಲ್ಟು, ಹೆಲ್ಮೆಟ್ ಕಡ್ಡಾಯ, 40 ಕಿ.ಮೀ. ವೇಗ ಮೀರಬಾರದು ಅನ್ನುವ ನಿಯಮ 2023ರ ಫೆಬ್ರವರಿಯಿಂದ ಇದೆ.

ಹೊಸ ಮನೆಗೆ ಬಂದ ಕೂಡಲೇ ಮಾಡಿಸಬೇಕಾದ ಮೊದಲ ಕೆಲಸ ಮಂಚ ಜೋಡಿಸುವುದು. ಸೋಫಾ ಅಲ್ಲ, ಟಿವಿ ಅಲ್ಲ. "ಅಣ್ಣಾ, ಮೊದಲು ಈ ರೂಮು ಮುಗಿಸಿಕೊಡಿ" ಅಂತ ಟೀ ಕೊಡುವಾಗಲೇ ಹೇಳಿ. ಹಾಸಿಗೆ, ಸೊಳ್ಳೆ ಪರದೆ, ಕಿಟಕಿಗೆ ಒಂದು ಸೀರೆ ಅಡ್ಡ. ಆ ರೂಮಿನ ನೆಲವನ್ನು ಒಮ್ಮೆ ಗುಡಿಸಿ, ಒರೆಸಿ, ಆಮೇಲೆ ಅಂಗೈಯಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಸ್ಕ್ರೂ, ಪಿನ್ನು ಕೈಗೆ ಸಿಗುತ್ತದೆ. ಅಂಬೆಗಾಲಿಡುವ ಕೂಸು ಮೊದಲು ಬಾಯಿಗೆ ಹಾಕುವುದೇ ಅದನ್ನು. ಆ ರೂಮು ಸಿದ್ಧವಾದ ಮೇಲೆಯೇ ಮಕ್ಕಳು ಒಳಗೆ ಬರಲಿ. ಬಕೆಟ್ಟು, ಟಬ್ಬಿನಲ್ಲಿ ನೀರು ಹಿಡಿದಿಡುವುದಿದ್ದರೆ ಬಚ್ಚಲ ಬಾಗಿಲು ಹೊರಗಿನಿಂದ ಹಾಕಿರಲಿ. ಅರ್ಧ ಬಕೆಟ್ ನೀರೂ ಸಾಕು ಅನಾಹುತಕ್ಕೆ.

ಗ್ಯಾಸ್ ಸಿಲಿಂಡರ್ ಸಾಗಿಸಲು ಎಷ್ಟೋ ಪ್ಯಾಕರ್ಸ್ ಒಪ್ಪಲ್ಲ. ಒಪ್ಪಿದರೂ ಆ ರಾತ್ರಿ ಸ್ಟವ್ ಜೋಡಿಸಿ ಅಡುಗೆ ಮಾಡುವ ಹುಮ್ಮಸ್ಸು ಯಾರಿಗಿರುತ್ತದೆ? ದೊಡ್ಡವರಿಗೆ ಹೋಟೆಲಿಂದ ಏನಾದರೂ ತರಿಸಿ. ಮಕ್ಕಳಿಗೆ ಮಾತ್ರ ದಿನಾ ತಿನ್ನುವುದನ್ನೇ ಕೊಡಿ: ಕೆಟಲ್ ನೀರಿನಲ್ಲಿ ನೆನೆಸಿದ ಮೆತ್ತನೆ ಅವಲಕ್ಕಿ, ಬೆಳಿಗ್ಗೆ ಇಂಡಕ್ಷನ್ ಒಲೆಯಲ್ಲಿ ರಾಗಿ ಸರಿ, ಪಕ್ಕದವರು ಕೊಟ್ಟರೆ ಅನ್ನ ತಿಳಿಸಾರು. ಬೆಂಗಳೂರಿನಲ್ಲೂ ಪುಟ್ಟ ಮಕ್ಕಳಿದ್ದಾರೆ ಅಂದರೆ ಕೊಡುವವರು ಇದ್ದಾರೆ.

ಮೊದಲ ವಾರ

ಎಲ್ಲ ಡಬ್ಬ ಬಿಚ್ಚುವ ಹಟ ಬೇಡ. ಅಡುಗೆಮನೆ, ಬಚ್ಚಲು, ಮಕ್ಕಳ ಬಟ್ಟೆ, ಇಷ್ಟು ಸಾಕು. ಉಳಿದ ಡಬ್ಬಗಳನ್ನು ಒಂದು ರೂಮಿಗೆ ಹಾಕಿ ಬಾಗಿಲು ಎಳೆದುಬಿಡಿ. ನಡುಮನೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಎಳೆದು ಮೈಮೇಲೆ ಹಾಕಿಕೊಳ್ಳುತ್ತಾರೆ.

ದಿನಚರಿ ಮಾತ್ರ ಬಿಡಬೇಡಿ. ಸ್ನಾನದ ಹೊತ್ತು, ಊಟದ ಹೊತ್ತು, ಮಲಗುವ ಮುಂಚಿನ ಅದೇ ಹಾಡು. ಸಂಜೆ ಐದಕ್ಕೆ ಹೊರಗೆ ಕರೆದುಕೊಂಡು ಹೋಗುತ್ತಿದ್ದರೆ ಇಲ್ಲೂ ಐದಕ್ಕೇ ಹೊರಡಿ, ಹತ್ತಿರದ ಪಾರ್ಕು ಎಲ್ಲಿ ಅಂತ ನಿಮಗೂ ಗೊತ್ತಾಗುತ್ತದೆ.

ಎರಡನೇ, ಮೂರನೇ ದಿನ ಸಂಜೆಗೆ ದೊಡ್ಡ ಮಗು "ಮನೆಗೆ ಹೋಗೋಣ" ಅಂತ ಶುರು ಮಾಡುತ್ತದೆ. "ಇದೇ ಮನೆ" ಅಂತ ವಾದ ಮಾಡಬೇಡಿ. "ಹಳೇ ಮನೆ ನೆನಪಾಯ್ತಾ? ಅಲ್ಲಿ ಏನೇನಿತ್ತು ಹೇಳು" ಅನ್ನಿ. ಹೇಳಿಕೊಂಡು ಅಳಲಿ, ತಪ್ಪಿಲ್ಲ. ಹಳೇ ಮನೆಯ ಎರಡು ಫೋಟೋ ಫೋನಿನಲ್ಲಿ ಇದ್ದರೆ ಒಳ್ಳೆಯದು. ಬಿಟ್ಟಿದ್ದ ಅಭ್ಯಾಸ ಮರುಕಳಿಸಬಹುದು: ಹಾಸಿಗೆ ಒದ್ದೆ, ಬೆರಳು ಚೀಪುವುದು, ಎತ್ತಿಕೋ ಎತ್ತಿಕೋ ಅನ್ನುವುದು, ಪಾಪುವನ್ನು ಹೊಡೆಯುವುದು. ಸಾಮಾನ್ಯವಾಗಿ ಕೆಲವು ವಾರದಲ್ಲಿ ಸರಿಹೋಗುತ್ತದೆ. ದಿನಕ್ಕೆ ಹದಿನೈದು ನಿಮಿಷ, ಪಾಪು ಮಲಗಿದಾಗ, ದೊಡ್ಡದರ ಜೊತೆ ಮಾತ್ರ ಕೂರಿ. ಆ ಹೊತ್ತಿಗೆ ಡಬ್ಬ ಬಿಚ್ಚೋಣ ಅಂತ ಕೈ ತುರಿಸುತ್ತದೆ. ಬೇಡ.

ಹೊಸ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಮನೆ ನಂಬರು, ಕ್ರಾಸು, ಮೇನು, ಹತ್ತಿರದ ಗುರುತು ಎಲ್ಲ ಇರಲಿ. 108 ಅಥವಾ 112ಕ್ಕೆ ಫೋನ್ ಮಾಡಬೇಕಾಗಿ ಬಂದರೆ ಗಾಬರಿಯಲ್ಲಿ ಎಲ್ಲರ ಬಾಯಿಗೂ ಬರುವುದು ಹಳೇ ವಿಳಾಸವೇ, ಊರಿಂದ ಬಂದ ಅಜ್ಜಿಗಂತೂ ಹೊಸದು ಗೊತ್ತೇ ಇರಲ್ಲ. ರಾತ್ರಿ ತೆರೆದಿರುವ ಮೆಡಿಕಲ್ ಶಾಪು, ಮಕ್ಕಳ ಡಾಕ್ಟರು ಇರುವ 24 ಗಂಟೆಯ ಆಸ್ಪತ್ರೆ, ಎರಡನ್ನೂ ಒಂದು ಸಲ ಹೋಗಿ ನೋಡಿಕೊಂಡು ಬನ್ನಿ.

ಕಾಗದ ಪತ್ರ

ಲಸಿಕೆಗೆ ಹಳೇ ಏರಿಯಾಕ್ಕೇ ಹೋಗಬೇಕಿಲ್ಲ. ತಾಯಿ ಕಾರ್ಡ್ ಹಿಡಿದುಕೊಂಡು ಹೋದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮುಂದಿನ ಡೋಸ್ ಹಾಕುತ್ತಾರೆ. ಅಂಗನವಾಡಿ ಎಲ್ಲಿದೆ ಅಂತ ಕೇಳಿ ಹೆಸರು ಬರೆಸಿ, 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ. ಆ ಏರಿಯಾದ ಆಶಾ ಕಾರ್ಯಕರ್ತೆಯ ಪರಿಚಯವೂ ಅಲ್ಲೇ ಆಗುತ್ತದೆ.

ಗೃಹಜ್ಯೋತಿ (ಸರ್ಕಾರದ ಉಚಿತ ಕರೆಂಟ್ ಯೋಜನೆ) ಮರೆಯಬೇಡಿ. ಹಳೇ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರು) ನಿಮ್ಮ ಆಧಾರ್ ಜೋಡಿಸಿರುತ್ತದೆ, ಅದನ್ನು ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಡಿ-ಲಿಂಕ್ ಮಾಡಿ, ಹೊಸ ಮನೆಯ ಆರ್‌ಆರ್ ನಂಬರಿಗೆ ಮತ್ತೆ ಅರ್ಜಿ ಹಾಕಬೇಕು. ಹೊಸ ಮನೆಯಲ್ಲಿ ಹಿಂದೆ ಇದ್ದವರು ತಮ್ಮದನ್ನು ತೆಗೆಸಿದ್ದಾರಾ ಅಂತ ಓನರ್ ಹತ್ತಿರ ಅಡ್ವಾನ್ಸ್ ಕೊಡುವಾಗಲೇ ಕೇಳಿ. ಗ್ಯಾಸಿಗೆ ನಿಮ್ಮ ಕಂಪನಿಯ ಆ್ಯಪಿನಲ್ಲಿ ಅಥವಾ ಏಜೆನ್ಸಿಯಲ್ಲಿ ವಿಳಾಸ, ವಿತರಕರ ಬದಲಾವಣೆ ಕೇಳಿ. ಆಧಾರ್, ಬ್ಯಾಂಕು, ವೋಟರ್ ಐಡಿ (ನಮೂನೆ 8) ನಿಧಾನವಾಗಿ ಆಗಲಿ. ಆದರೆ ಆನ್‌ಲೈನ್ ಅಂಗಡಿಗಳ ಆ್ಯಪಿನಲ್ಲಿ ವಿಳಾಸ ಅವತ್ತೇ ಬದಲಾಯಿಸಿ. ಇಲ್ಲದಿದ್ದರೆ ಡೈಪರ್ ಪ್ಯಾಕೆಟ್ಟುಗಳು ಹಳೇ ಮನೆ ಬಾಗಿಲಲ್ಲಿ ಕೂತಿರುತ್ತವೆ.

ಹಳೇ ಮನೆಯ ಕೀ

ಕೀ ಕೊಡೋಕೆ ಮಕ್ಕಳನ್ನು ಬಿಟ್ಟು ಒಬ್ಬರೇ ಹೋಗಿ, ಹಗಲಲ್ಲಿ ಹೋಗಿ. ಎಲ್ಲ ರೂಮು, ಗೋಡೆ, ಸಿಂಕು, ಗೀಸರ್ ಒಂದೇ ವಿಡಿಯೋದಲ್ಲಿ ತೆಗೆಯಿರಿ. ಕರೆಂಟ್ ಮೀಟರಿನ ರೀಡಿಂಗ್ ಫೋಟೋ ತೆಗೆದು, ಬಿಲ್ಲು, ನೀರಿನ ದುಡ್ಡು ಲೆಕ್ಕ ಹಾಕಿ ಓನರ್ ಎದುರಿಗೇ ಮುಗಿಸಿ. ಅಡ್ವಾನ್ಸಿನಲ್ಲಿ ಯಾವುದಕ್ಕೆ ಎಷ್ಟು ಕಳೆಯುತ್ತಾರೆ, ಉಳಿದದ್ದು ಯಾವ ತಾರೀಖಿಗೆ ಅಂತ ವಾಟ್ಸಾಪಿನಲ್ಲಿ ಅವರಿಂದಲೇ ಬರೆಸಿಕೊಳ್ಳಿ. ಆ ಮೆಸೇಜ್ ಬಂದ ಮೇಲೆ ಕೀ ಕೊಡಿ.